ಮಕ್ಕಳ ಬಾಯಿಗೆ ಬಾರದ ನದಿ

ಐದಾರು ವರ್ಷ ಪಾಠ ಮಾಡಿದ ಮೇಲೆ ನಾನು ಪಾಠ ಮಾಡುವುದನ್ನು ಕಲಿಯಲು ಹೋದೆ. ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠದ ಮೇಷ್ಟ್ರಾಗಿದ್ದ ನನ್ನ ಬಳಿ ಒಂದು ಬಿ.ಎ. ಪದವಿ, ಒಂದು ಛತ್ರಿ, ಹಿಂದಿನ ಬೆಂಚಿನವರೆಗೂ ನಿರಾಯಾಸವಾಗಿ ತಲುಪುವ ಒಂದು ಗಂಟಲು ಇಷ್ಟೂ ಇದ್ದವು. ಅಷ್ಟು ಸಾಕೆಂದು ನಾನೂ ನಂಬಿದ್ದೆ, ಮಕ್ಕಳೂ ನಂಬಿದ್ದರು. ಸರ್ಕಾರ ಮಾತ್ರ ನಂಬಲಿಲ್ಲ. ತರಬೇತಿ ಇಲ್ಲದವರನ್ನು ಇಟ್ಟುಕೊಂಡ ಶಾಲೆಗಳ ಕಡೆ ಇಲಾಖೆ ಕಣ್ಣು ಬಿಟ್ಟು ನೋಡತೊಡಗಿದ ಕಾಲವದು. ಕೋಲಾರ ಜಿಲ್ಲೆ ಇನ್ನೂ ಎರಡಾಗಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕೋಣೆಗೆ ಕರೆದು, ಮುಂದಿನ ಜೂನ್ ತಿಂಗಳಿಗೆ ಬಿ.ಎಡ್. ಮಾಡಿಕೊಂಡು ಬಂದರೆ ನನ್ನ ಕುರ್ಚಿ ನನಗೇ ಎಂದೂ, ಬಾರದಿದ್ದರೆ ಅವರ ತಂಗಿಯ ಸೊಸೆ ಆಗಲೇ ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದಾಳೆಂದೂ ಬಹಳ ಅಕ್ಕರೆಯಿಂದ ತಿಳಿಸಿದರು. ಆ ಒಂದು ವರ್ಷದ ಮಟ್ಟಿಗೆ ಸೊಸೆಯೇ ನನ್ನ ಕುರ್ಚಿಯನ್ನು ಬೆಚ್ಚಗಿಟ್ಟಿರುತ್ತಾಳೆ ಎಂಬುದನ್ನು ಅವರು ಸೇರಿಸಿದ್ದು ನಾನು ಎದ್ದು ಬಾಗಿಲ ಹತ್ತಿರ ಬಂದ ಮೇಲೆ.

ಹೀಗೆ ಮೂವತ್ತರ ಹೊಸ್ತಿಲಲ್ಲಿ, ಮದುವೆಯಾಗಿ, ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಯತೊಡಗಿದ್ದಾಗ, ನಾನು ದಿನವೂ ಬೆಳಿಗ್ಗೆ ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ಶಿಕ್ಷಣ ಕಾಲೇಜಿಗೆ ಹೋಗಲಾರಂಭಿಸಿದೆ. ಅಲ್ಲಿ ನಮ್ಮನ್ನು ವಿದ್ಯಾರ್ಥಿಗಳು ಎನ್ನುತ್ತಿರಲಿಲ್ಲ, ಶಿಕ್ಷಕರು ಎಂದೂ ಅನ್ನುತ್ತಿರಲಿಲ್ಲ. ಪ್ರಶಿಕ್ಷಣಾರ್ಥಿಗಳು ಎನ್ನುತ್ತಿದ್ದರು. ಈ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ನಮ್ಮಲ್ಲಿ ಕೆಲವರಿಗೆ ದಸರಾ ರಜೆಯವರೆಗೂ ಸಮಯ ಹಿಡಿಯಿತು.

ನನಗೆ ಪಾಠ ಮಾಡಲು ಬರುವುದಿಲ್ಲ ಎಂಬುದನ್ನು ಕಾಲೇಜು ಒಂದೇ ವಾರದಲ್ಲಿ ಕಂಡುಹಿಡಿಯಿತು. ಅಣುಬೋಧನೆ ಎಂಬ ಒಂದು ಪದ್ಧತಿಯಿತ್ತು. ಒಬ್ಬ ಪ್ರಶಿಕ್ಷಣಾರ್ಥಿ ಐದಾರು ನಿಮಿಷ ಪಾಠ ಮಾಡಬೇಕು. ಉಳಿದವರಲ್ಲಿ ಕೆಲವರು ಅವನ ಮುಂದೆ ಏಳನೇ ತರಗತಿಯ ಮಕ್ಕಳಾಗಿ ಕೂರಬೇಕು. ದಪ್ಪ ಮೀಸೆಯ, ಎರಡು ಮಕ್ಕಳ ತಂದೆಯಾದ ಒಬ್ಬ ಗೆಳೆಯ ಪ್ರತಿಸಲವೂ ತುಂಟ ಹುಡುಗನ ಪಾತ್ರವನ್ನು ಕೇಳಿ ಪಡೆಯುತ್ತಿದ್ದ. ಅವನು ಪಕ್ಕದವಳ ಪೆನ್ನು ಕಿತ್ತುಕೊಂಡು, ನಾನು ಗದರಿದರೆ ತುಟಿ ಉಬ್ಬಿಸಿ ಅಳುತ್ತಿದ್ದ. ನಾನು ಅವನನ್ನು ಹೊಗಳಬೇಕಿತ್ತು. ಮಗು ಉತ್ತರ ಹೇಳಿದ ಕೂಡಲೇ 'ಭೇಷ್' ಎನ್ನುವುದು, ತಲೆಯಾಡಿಸುವುದು, ಮುಗುಳ್ನಗುವುದು ಇವೆಲ್ಲ ಸೇರಿ ಒಂದು ಕೌಶಲ. ಹಿಂದೆ ಕೂತವರು ಅದಕ್ಕೆ ಗೀಟು ಹಾಕಿ ಎಣಿಸುತ್ತಾರೆ. ನನ್ನ ಹಾಳೆಯಲ್ಲಿ ಮುಗುಳ್ನಗೆಯ ಕಾಲಂ ಸದಾ ಖಾಲಿ. ನಾನು ನಗುತ್ತಲೇ ಇದ್ದೆ, ಆದರೆ ಅದು ಮುಖದ ಮೇಲೆ ಕಾಣಿಸಿಕೊಳ್ಳುತ್ತಿರಲಿಲ್ಲವಂತೆ.

ಇದೆಲ್ಲ ಚಿಕ್ಕ ಸಂಕಟ. ನನ್ನ ನಿಜವಾದ ಸಂಕಟದ ಹೆಸರು ಪೀಠಿಕೆ.

ನಮಗೆ ಸಮಾಜ ವಿಜ್ಞಾನದ ಬೋಧನಾ ವಿಧಾನವನ್ನು ಕಲಿಸುತ್ತಿದ್ದವರನ್ನು ನಾವು ಮೆಥಡ್ ಮೇಷ್ಟ್ರು ಎನ್ನುತ್ತಿದ್ದೆವು. ಅವರು ನಿಧಾನದ ಮನುಷ್ಯ; ಚಹಾ ಕುಡಿಯುವಾಗಲೂ ಮೊದಲು ಉದ್ದೇಶ, ಆಮೇಲೆ ಕ್ರಿಯೆ, ಕೊನೆಗೆ ಮೌಲ್ಯಮಾಪನ ಎಂಬಂತೆ ಕುಡಿಯುತ್ತಿದ್ದರು. ಪಾಠಕ್ಕೆ ಬಂದ ಮೇಷ್ಟ್ರು ಬೋರ್ಡಿನ ಮೇಲೆ ಪಾಠದ ಹೆಸರು ಬರೆದು ಶುರುಮಾಡುವುದು ಅವರ ದೃಷ್ಟಿಯಲ್ಲಿ ಘೋರ ಅಪರಾಧ. ಮಕ್ಕಳಿಗೆ ಗೊತ್ತಿರುವುದರಿಂದ ಹೊರಟು ಐದು ಪ್ರಶ್ನೆ ಕೇಳಬೇಕು. ಒಂದರಿಂದ ಒಂದು ಉತ್ತರ ಮೆಟ್ಟಿಲಿನಂತೆ ಇಳಿದು ಬಂದು, ಐದನೆಯ ಉತ್ತರವಾಗಿ ಪಾಠದ ಶೀರ್ಷಿಕೆ ಮಕ್ಕಳ ಬಾಯಿಂದ ತಾನಾಗಿ ಉದುರಬೇಕು. ಆಮೇಲೆ ಅದನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ನಮಗೆ ಬರುತ್ತದೆ.

"ಶೀರ್ಷಿಕೆ ನಿಮ್ಮ ಬಾಯಲ್ಲಿ ಬಂತೋ, ಆ ಪಾಠ ಸತ್ತಂಗೆ ಕಣ್ರೀ," ಎಂದು ಅವರು ಹೇಳಿದ್ದರು. "ಎಷ್ಟೊತ್ತಾದ್ರೂ ಆಗ್ಲಿ, ಕಾಯ್ರಿ."

ಕಾದವರ ಗತಿಯನ್ನು ನಾವು ಕಣ್ಣಾರೆ ಕಂಡೆವು. ನಮ್ಮಲ್ಲೊಬ್ಬ ಪೌರನೀತಿಯಲ್ಲಿ 'ಪ್ರಜಾಪ್ರಭುತ್ವ' ಎಂಬ ಪಾಠ ಹಿಡಿದು ಹೋಗಿ, ನಿಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಮೊದಲ ಪ್ರಶ್ನೆ ಕೇಳಿದ. ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ ಎಂಬುದು ಅವನು ನಿರೀಕ್ಷಿಸಿ ಬರೆದುಕೊಂಡಿದ್ದ ಉತ್ತರ. ಮಕ್ಕಳು ಅಜ್ಜಿ ಎಂದರು. ಬೀದಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದರೆ ಇನ್ನೊಬ್ಬರ ಅಜ್ಜಿ. ಊರಲ್ಲಿ ಎಂದರೆ ಒಬ್ಬಳ ಸೋದರತ್ತೆ. ಬೆಲ್ ಹೊಡೆಯುವ ಹೊತ್ತಿಗೆ ಬೋರ್ಡು ಬೆಳಿಗ್ಗೆ ಒರೆಸಿದ್ದಷ್ಟೇ ಸ್ವಚ್ಛವಾಗಿತ್ತು. ಅವನ ಪಾಠ ರದ್ದಾಗಿ, ಇನ್ನೊಂದು ದಿನ ಹೋಗಿ 'ಸಾರಿಗೆ' ಮಾಡಿ ಬಂದ.

ಕಾಲೇಜಿನವರೆಲ್ಲ ಚಿಕ್ಕಬಳ್ಳಾಪುರದ ಶಾಲೆಗಳಿಗೇ ನುಗ್ಗಿದರೆ ಮಕ್ಕಳಿಗಿಂತ ಮೇಷ್ಟ್ರುಗಳೇ ಹೆಚ್ಚಾಗುತ್ತಾರೆಂದು ನಮ್ಮಲ್ಲಿ ಕೆಲವರನ್ನು ಅಭ್ಯಾಸ ಪಾಠಕ್ಕೆ ಶಿಡ್ಲಘಟ್ಟದ ಒಂದು ಹೈಸ್ಕೂಲಿಗೆ ಕಳಿಸಿದರು. ನನ್ನ ಬಸ್ಸಿನ ದಾರಿಯಲ್ಲೇ ಇದ್ದದ್ದು ಒಂದು ಅನುಕೂಲ. ಅಲ್ಲಿನ ಸಮಾಜದ ಮೇಷ್ಟ್ರು ಒಳ್ಳೆಯವರು. ಬಂದ ಪ್ರಶಿಕ್ಷಣಾರ್ಥಿಗಳಿಗೆ ತಮಗೆ ಬೇಸರವಾಗುವ ಪಾಠಗಳನ್ನೆಲ್ಲ ಉದಾರವಾಗಿ ಹಂಚಿಬಿಡುತ್ತಿದ್ದರು. ನನ್ನ ಪಾಲಿಗೆ ಎಂಟನೇ ತರಗತಿಯ 'ನದಿಗಳು' ಬಂತು.

ಕಾಗದದ ಮೇಲೆ ಆ ಪೀಠಿಕೆ ಸುಂದರವಾಗಿತ್ತು. ಮಳೆ, ಹಳ್ಳ, ತೊರೆ, ಹೊಳೆ, ನದಿ. ಕುರಿ ಹಿಂಡು ದೊಡ್ಡಿಗೆ ಬಂದಂತೆ ಉತ್ತರಗಳು ಸಾಲಾಗಿ ಬರಬೇಕು. ಸುರುಳಿ ಸುತ್ತಿ ತಂದಿದ್ದ ಬೋರ್ಡನ್ನು ಬಿಡಿಸಿ ಗೋಡೆಗೆ ನೇತುಹಾಕಿ, ಬಣ್ಣದ ಸೀಮೆಸುಣ್ಣ ಕೈಲಿ ಹಿಡಿದು ನಾನು ಶುರುಮಾಡಿದೆ. ಮಳೆ ಬಂದಾಗ ನೀರು ಎಲ್ಲಿಗೆ ಹೋಗುತ್ತದೆ? ಕೆರೆಗೆ, ಎಂದರು. ಹಳ್ಳ, ತೊರೆ, ಹೊಳೆ ಮೂರನ್ನೂ ಒಂದೇ ನೆಗೆತಕ್ಕೆ ದಾಟಿಬಿಟ್ಟರಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಕೆರೆ ತುಂಬಿದರೆ?

"ಕೋಡಿ ಬೀಳ್ತದೆ ಸಾರ್."

"ಭೇಷ್. ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತೆ?"

"ಕೆಳಗಿನ್ ಕೆರೆಗೆ ಸಾರ್."

"ಅದೂ ತುಂಬಿದರೆ?"

"ಅದರ ಕೆಳಗಿನ್ ಕೆರೆಗೆ ಸಾರ್."

ಇದರಲ್ಲಿ ಮಕ್ಕಳ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯನ್ನು ಕಟ್ಟಿದ ಹಿರಿಯರು ಒಂದು ಕೆರೆಯ ಕೋಡಿಯ ಕೆಳಗೆ ಇನ್ನೊಂದು ಕೆರೆ, ಅದರ ಕೆಳಗೆ ಮತ್ತೊಂದು ಎಂದು ಮಣಿಸರದ ಹಾಗೆ ಪೋಣಿಸಿ ಹೋಗಿದ್ದಾರೆ. ನೀರಿಗೆ ನದಿಯಾಗುವ ಅವಕಾಶವನ್ನೇ ಕೊಟ್ಟಿಲ್ಲ. ಗೌಡನ ಕೆರೆ ತುಂಬಿದರೆ ಅಮಾನಿ ಕೆರೆ, ಅದು ತುಂಬಿದರೆ ಹೊಸ ಕೆರೆ. ತರಗತಿಯಲ್ಲಿ ಸುತ್ತಲ ಹಳ್ಳಿಗಳ ಮಕ್ಕಳೆಲ್ಲ ಇದ್ದರು. ತಂತಮ್ಮ ಊರಿನ ಕೆರೆ ಬಿಟ್ಟುಹೋಗಬಾರದೆಂದು ಒಬ್ಬರ ಮೇಲೊಬ್ಬರು ಎದ್ದು ನಿಂತು ಕೆರೆಗಳನ್ನು ಜೋಡಿಸಿದರು. ನಾನು ಬೆವರು ಒರೆಸಿಕೊಳ್ಳುತ್ತ ನೀರನ್ನು ಅಟ್ಟಿಕೊಂಡು ಹೋದೆ. ಮುರುಗಮಲ್ಲದ ಕಡೆಯಿಂದ ಬಂದಿದ್ದ ಒಬ್ಬ ಹುಡುಗ ಕಡೆಗೂ ನೀರನ್ನು ಗಡಿ ದಾಟಿಸಿ, ಆಂಧ್ರಕ್ಕೆ ಹೋಯಿತೆಂದು ಘೋಷಿಸಿದ. ಇನ್ನು ನದಿ ಬಾರದೆ ವಿಧಿಯಿಲ್ಲ ಎಂದುಕೊಂಡು ನಾನು ಮೆಲ್ಲಗೆ ಕೇಳಿದೆ, ಆಂಧ್ರದಲ್ಲಿ ಎಲ್ಲಿ ಸೇರುತ್ತಪ್ಪ?

"ಅಲ್ಲಿ ಚೆರುವು ಸಾರ್. ಅಂದ್ರೆ ಕೆರೇನೇ. ತೆಲುಗಲ್ಲಿ ಹಂಗಂತಾರೆ."

ಬೆಲ್ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೆಥಡ್ ಮೇಷ್ಟ್ರು ನನ್ನ ಪಾಠಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಶೀರ್ಷಿಕೆ ಹೊರಬಂದಿಲ್ಲ' ಎಂದು ಬರೆದು ಸಹಿ ಹಾಕಿದರು. ಸಹಿ ಹಾಕುವಾಗ ಅವರ ಮುಖದಲ್ಲಿ ಆಸ್ಪತ್ರೆಯ ಹೊರಗೆ ಸಂಬಂಧಿಕರಿಗೆ ಸುದ್ದಿ ಹೇಳುವ ಡಾಕ್ಟರ ಗಾಂಭೀರ್ಯವಿತ್ತು.

ಆಮೇಲೆ ನಾನು ಬೇರೆ ದಾರಿಗಳನ್ನು ಹುಡುಕಿದೆ. ಪುಣ್ಯಸ್ನಾನದ ಕಡೆಯಿಂದ ಹೋದೆ. ಮಕ್ಕಳು ಕಲ್ಯಾಣಿಗೆ ಕರೆದುಕೊಂಡು ಹೋದರು. ದೋಣಿಯ ಕಡೆಯಿಂದ ಹೋದೆ. ಬೆಂಗಳೂರಿನ ಪಾರ್ಕಿಗೆ ಕರೆದುಕೊಂಡು ಹೋದರು. ಗಂಗೆ, ತುಂಗೆ, ಕಾವೇರಿ ಇವೆಲ್ಲ ಏನೆಂದು ಕೇಳಿದ್ದಕ್ಕೆ ಒಬ್ಬಳು ತಮ್ಮ ಮನೆಯ ಹಸುಗಳೆಂದೂ, ತುಂಗೆ ಗಬ್ಬವಾಗಿದ್ದಾಳೆಂದೂ ಹೇಳಿದಳು. ಇಡೀ ತರಗತಿ ಅವಳ ಕಡೆ ತಿರುಗಿ ವಿಚಾರಿಸಿಕೊಂಡಿತು. ಮೆಥಡ್ ಮೇಷ್ಟ್ರು ಮತ್ತೆ ಸಹಿ ಹಾಕಿದರು.

ಬೇರೆ ಪಾಠ ಕೊಡಿ ಎಂದು ಅವರನ್ನೇ ಬೇಡಿಕೊಂಡೆ. ವಾರ್ಷಿಕ ಪರೀಕ್ಷೆಯ ಪಾಠಕ್ಕೆ ನನ್ನ ಹೆಸರಿನ ಮುಂದೆ 'ನದಿಗಳು' ಎಂದು ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ಇನ್ನು ಬ್ರಹ್ಮ ಬಂದರೂ ಬದಲಾಗುವುದಿಲ್ಲ ಎಂದರು. ಆ ಪಾಠವನ್ನು ನೋಡಲು ಹೊರಗಿನ ಊರಿನಿಂದ ಪರೀಕ್ಷಕರು ಬರುತ್ತಾರೆ. ಅದರಲ್ಲಿ ಫೇಲಾದರೆ ಥಿಯರಿಯಲ್ಲಿ ಎಷ್ಟೇ ಅಂಕ ಬಂದರೂ ಪದವಿಯಿಲ್ಲ. ಮತ್ತೆ ಒಂದು ವರ್ಷ ಕಾಯಬೇಕು. ಚಿಂತಾಮಣಿಯಲ್ಲಿ ತಂಗಿಯ ಸೊಸೆ ನನ್ನ ಕುರ್ಚಿಗೆ ಒಂದು ಹೂವಿನ ದಿಂಬು ಹೊಲಿಸಿ ಹಾಕಿದ್ದಾಳೆಂದು ನನಗೆ ಆಗಲೇ ಸುದ್ದಿ ಬಂದಿತ್ತು.

ಈ ಹಂತದಲ್ಲಿ ನನ್ನ ಮೇಲೆ ಕನಿಕರ ಪಟ್ಟವಳು ಗೌರಿಬಿದನೂರಿನಿಂದ ಬರುತ್ತಿದ್ದ ಒಬ್ಬ ಸಹಪಾಠಿ. ವಿಜ್ಞಾನದವಳು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ನನ್ನನ್ನು ಅಣ್ಣ ಎನ್ನುತ್ತಿದ್ದಳು. ಥರ್ಮೋಕೋಲ್ ಕೈಗೆ ಸಿಕ್ಕರೆ ಹೃದಯ, ಜ್ವಾಲಾಮುಖಿ, ಸಂಸತ್ ಭವನ ಯಾವುದನ್ನಾದರೂ ಮಧ್ಯಾಹ್ನದೊಳಗೆ ಕೆತ್ತಿಬಿಡುತ್ತಿದ್ದಳು.

"ಕೇಳಿದ್ರೆ ತಾನೇ ಅಣ್ಣ ಕೆರೆ ಕೆರೆ ಅನ್ನೋದು," ಎಂದಳು. "ಕೇಳ್ಬೇಡಿ. ಹರಿಸಿ ತೋರಿಸ್ಬಿಡಿ. ಕಣ್ಮುಂದೆ ಹರೀತಾ ಇದ್ರೆ ನದಿ ಅನ್ನದೆ ಇನ್ನೇನಂತಾರೆ?"

ಅವಳು ಒಂದು ದೊಡ್ಡ ತಗಡಿನ ತಟ್ಟೆ ತಂದಳು. ಒಂದು ತುದಿಯಲ್ಲಿ ಹಳೆಯ ಪೇಪರ್ ನೆನೆಸಿ ಅರೆದು ನಂದಿಬೆಟ್ಟ ಮಾಡಿದಳು. ಪಕ್ಕದಲ್ಲಿ ಸ್ಕಂದಗಿರಿಯನ್ನೂ ಇಟ್ಟು, ಜಾಗ ಸಾಲದೆ ಅದನ್ನು ತೆಗೆದಳು. ಬೆಟ್ಟದ ಹಿಂದೆ ಒಂದು ಕೋಲು ನೆಟ್ಟು ಅದಕ್ಕೆ ಆಸ್ಪತ್ರೆಯ ಗ್ಲೂಕೋಸ್ ಬಾಟಲಿ ತೂಗುಹಾಕಿದಳು. ಅವಳ ಅಕ್ಕ ನರ್ಸು. ಬಾಟಲಿಯ ಕೊಳವೆ ಬೆಟ್ಟದ ನೆತ್ತಿಯಿಂದ ಹೊರಬರುತ್ತಿತ್ತು. ಅದರ ಚಕ್ರ ತಿರುಗಿಸಿದರೆ ಉತ್ತರ ಪಿನಾಕಿನಿ ಉಗಮಿಸುತ್ತಿತ್ತು. ತಟ್ಟೆಗೆ ಸುರಿದ ಮರಳು ಸಾಕ್ಷಾತ್ ಗೌರಿಬಿದನೂರಿನ ಉತ್ತರ ಪಿನಾಕಿನಿಯ ಪಾತ್ರದಿಂದಲೇ ಬಂದದ್ದು. ಅಕ್ಕಿ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರು ಏನಮ್ಮ ಇದು ಎಂದದ್ದಕ್ಕೆ ನದಿ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದ್ದಳು. ನೀರು ಇಂಗದಂತೆ ಮರಳಿನ ಮೇಲೆ ಹಾವಿನಂತೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಅಂಚಿಗೆ ಪುಟ್ಟ ಮರಗಳನ್ನು ಚುಚ್ಚಿದಳು.

ಅದನ್ನು ಮನೆಗೆ ತಂದು ನಡುಮನೆಯಲ್ಲಿಟ್ಟು ಹರಿಸಿ ನೋಡಿದೆ. ಪಿನಾಕಿನಿ ನಂದಿಯಿಂದ ಇಳಿದು, ತಟ್ಟೆಯನ್ನು ದಾಟಿ, ನನ್ನ ಚಾಪೆಯವರೆಗೂ ಬಂದಳು. ನಾನು ಬಹಳ ಹೊತ್ತು ನೋಡುತ್ತ ಕೂತೆ. ನಲ್ಲಿಯಲ್ಲಿ ನೀರು ಬರುವುದನ್ನು ಕಾದು ಕಾದು ಖಾಲಿ ಕೊಡ ಹಿಡಿದು ಒಳಗೆ ಬಂದ ನನ್ನ ಹೆಂಡತಿ ತಟ್ಟೆಯನ್ನೂ ನನ್ನನ್ನೂ ನೋಡಿ, ಆ ನದಿಗೆ ಒಂದು ಬಿಂದಿಗೆ ಹಿಡಿಯಲೇ ಎಂದು ಕೇಳಿದಳು.

ಪರೀಕ್ಷೆಯ ಹಿಂದಿನ ದಿನ ಮೆಥಡ್ ಮೇಷ್ಟ್ರು ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು, ನಾಳೆಯ ತರಗತಿಗೆ ಒಮ್ಮೆ ಹೋಗಿ ಮಕ್ಕಳನ್ನು ಮಾತಾಡಿಸಿಕೊಂಡು ಬರುವುದು ಒಳ್ಳೆಯದೆಂದು ಗೋಡೆಯನ್ನು ನೋಡುತ್ತ ಹೇಳಿದರು. ಇದೊಂದು ಹಳೆಯ ಪದ್ಧತಿ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಬಿಡುವುದೂ ಇಲ್ಲ. ನಾನು ತರಗತಿಗೆ ಹೋಗಿ ಮಾತಿಗೆ ಪೀಠಿಕೆ ಹಾಕುವ ಮೊದಲೇ ತರಗತಿಯ ಲೀಡರ್ ಹುಡುಗಿ, ಎರಡು ಜಡೆಯವಳು, ಎದ್ದು ನಿಂತಳು. ವರ್ಷ ವರ್ಷ ಪ್ರಶಿಕ್ಷಣಾರ್ಥಿಗಳನ್ನು ಕಂಡು ಪಳಗಿದ ಕೈ.

"ಸಾರ್, ನಿಮ್ ಸಿಗ್ನಲ್ ಏನ್ ಸಾರ್?"

ನನಗೆ ಅರ್ಥವಾಗಲಿಲ್ಲ. ಅವಳು ತಾಳ್ಮೆಯಿಂದ ವಿವರಿಸಿದಳು. ಗಣಿತದ ಸಾರು ಕಿವಿ ಮುಟ್ಟಿಕೊಂಡರೆ ಉತ್ತರ ಹೇಳಬೇಕು. ವಿಜ್ಞಾನದ ಮಿಸ್ಸು ಸೆರಗು ಸರಿಮಾಡಿಕೊಂಡರೆ ಹೇಳಬೇಕು. ಬೆಳಿಗ್ಗೆ ಬಂದಿದ್ದ ಕನ್ನಡದ ಸಾರು ಕೆಮ್ಮುತ್ತಾರೆ. ಎರಡು ಸಲ ಕೆಮ್ಮಿದರೆ ಎಲ್ಲರೂ ಒಟ್ಟಿಗೆ, ಒಂದು ಸಲ ಕೆಮ್ಮಿದರೆ ಕಿಟಕಿ ಪಕ್ಕದವರು ಮಾತ್ರ. ನಾನು ಯೋಚಿಸಿ, ಕನ್ನಡಕ ತೆಗೆಯುತ್ತೇನೆ ಎಂದೆ. ಉತ್ತರ ಯಾವುದು ಎಂದಳು. ನದಿ ಎಂದೆ. ಅಷ್ಟೇನಾ ಎಂದಳು. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರವಿತ್ತು. ಕನ್ನಡದ ಸಾರು ಇಡೀ ವಾಕ್ಯ ಕೊಟ್ಟಿದ್ದರಂತೆ.

ಮರುದಿನ ಬೆಳಿಗ್ಗೆ ನದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಗೂಡಿನ ಮಾರುಕಟ್ಟೆಗೆ ಹೊರಟವರಿಂದ ಬಸ್ಸು ತುಂಬಿತ್ತು. ನಡುದಾರಿಯಲ್ಲಿ ಹತ್ತಿದ ಒಬ್ಬ ಯಜಮಾನರು ಹೆಗಲ ಮೇಲಿದ್ದ ರೇಷ್ಮೆಗೂಡಿನ ಮೂಟೆಯನ್ನು ಇಳಿಸಲು ಜಾಗ ನೋಡಿ, ಎಲ್ಲೂ ಕಾಣದೆ, ನನ್ನ ಉತ್ತರ ಪಿನಾಕಿನಿಯ ಮೇಲೆ ಇಳಿಸಿದರು. ನಾನು ಕೂಗಿಕೊಂಡೆ.

"ಮಣ್ಣು ತಾನೇ ಸ್ವಾಮಿ, ಏನಾಗ್ತದೆ," ಎಂದು ಅವರು ಸಮಾಧಾನ ಹೇಳಿದರು. "ಗೂಡು ಹಗುರ. ನಿಮ್ಗೇನೂ ಭಾರ ಇಲ್ಲ."

ಶಿಡ್ಲಘಟ್ಟದಲ್ಲಿ ಇಳಿದಾಗ ಪ್ಲಾಸ್ಟಿಕ್ ಹಾಳೆಯೂ ಮರಗಳೂ ಮೂಟೆಗೆ ಅಂಟಿಕೊಂಡು ಮಾರುಕಟ್ಟೆಯ ಕಡೆ ಹೊರಟುಹೋಗಿದ್ದವು. ಓಡಿ ಹಿಡಿಯುವಷ್ಟು ಸಮಯವಿರಲಿಲ್ಲ. ಶಾಲೆಯ ಹಿಂದೆ ಕೂತು ಬೆರಳಿನಿಂದ ಮರಳಿನಲ್ಲಿ ಒಂದು ಕಾಲುವೆ ಕೊರೆದೆ. ನೋಡಲು ಇನ್ನೂ ಸಹಜವಾಗಿ ಕಂಡಿತು. ವಿಜ್ಞಾನದವಳು ಜೊತೆಗಿದ್ದಿದ್ದರೆ ಏನಾದರೂ ಹೇಳುತ್ತಿದ್ದಳೋ ಏನೋ. ಅವಳು ಪಕ್ಕದ ಕೋಣೆಯಲ್ಲಿ ತನ್ನ ಪರೀಕ್ಷೆಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಪರೀಕ್ಷಕರು ವಯಸ್ಸಾದವರು, ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಕರವಸ್ತ್ರ. ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕದಲ್ಲೇ ಮಂಡಿ ಮಡಿಸಿ ಕೂತರು. ಅವರ ಪಕ್ಕದಲ್ಲಿ ಮೆಥಡ್ ಮೇಷ್ಟ್ರು. ನಾನು ಒಳಗೆ ಕಾಲಿಟ್ಟು ನಮಸ್ಕಾರ ಎಂದೆ. ಮಕ್ಕಳು ನಮಸ್ಕಾರ ಎಂದರು. ಏಪ್ರಿಲ್ ತಿಂಗಳ ಸೆಖೆ, ಭಯ, ಎರಡೂ ಸೇರಿ ಹಣೆಯ ಬೆವರು ಕನ್ನಡಕಕ್ಕೆ ಇಳಿಯಿತು. ನನಗೆ ಏನೂ ಕಾಣದಂತಾಯಿತು. ಕನ್ನಡಕ ತೆಗೆದು ಒರೆಸುತ್ತ, ಪದ್ಧತಿಯಂತೆ ಮಕ್ಕಳ ಕ್ಷೇಮ ವಿಚಾರಿಸಿದೆ. ಎಲ್ಲರದೂ ತಿಂಡಿ ಆಯಿತೇ?

"ನದಿ ಸಾರ್," ಎಂದಿತು ಇಡೀ ತರಗತಿ.

ಆ ಒಗ್ಗಟ್ಟನ್ನು ನಾನು ಆಮೇಲೆ ಯಾವ ಪ್ರಾರ್ಥನೆಯಲ್ಲೂ ಕೇಳಿಲ್ಲ. ಮೆಥಡ್ ಮೇಷ್ಟ್ರು ಮೇಲಿನ ತೊಲೆಯನ್ನು ನೋಡತೊಡಗಿದರು. ಪರೀಕ್ಷಕರು ಪೆನ್ನು ತೆಗೆದು ಏನನ್ನೋ ಬರೆದು, ಮತ್ತೆ ಮುಚ್ಚಿಟ್ಟು, ಕೂತಲ್ಲಿಂದಲೇ ಪಕ್ಕದ ಹುಡುಗನನ್ನು ಬಹಳ ಮೃದುವಾಗಿ ಕೇಳಿದರು.

"ನದಿ ಅಂದ್ರೇನಪ್ಪ?"

ಹುಡುಗ ಎದ್ದು ನಿಂತು ನನ್ನ ಕಡೆ ನೋಡಿದ. ನಾನು ಕನ್ನಡಕ ಹಾಕಿಕೊಂಡೆ, ತೆಗೆದೆ, ಮತ್ತೆ ಹಾಕಿಕೊಂಡೆ. ಇದಕ್ಕೆ ನಾವು ಯಾವ ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ಅವನ ಪಕ್ಕದವನನ್ನು ಕೇಳಿದರು. ಅವನೂ ಎದ್ದು ನಿಂತ. ಸ್ವಲ್ಪ ಹೊತ್ತಿನಲ್ಲಿ ಒಂದು ಸಾಲು ಪೂರ್ತಿ ಎದ್ದು ನಿಂತಿತ್ತು. ಲೀಡರ್ ಹುಡುಗಿ ನನ್ನನ್ನು ನೋಡಿದ ನೋಟದಲ್ಲಿ, ಅಷ್ಟೇನಾ ಎಂದು ನಿನ್ನೆಯೇ ಕೇಳಿರಲಿಲ್ಲವೇ ಎಂಬ ಆಕ್ಷೇಪಣೆ ಸ್ಪಷ್ಟವಾಗಿತ್ತು. ಪರೀಕ್ಷಕರು ನನಗೆ, ಆ ಮೊದಲನೆಯ ಉತ್ತರವನ್ನು ತಾವು ಕೇಳಿಸಿಕೊಂಡಿಲ್ಲವೆಂದೂ, ಪಾಠವನ್ನು ಶುರುಮಾಡಬಹುದೆಂದೂ ಹೇಳಿದರು.

ನನ್ನ ಪ್ರಶ್ನೆಗಳೆಲ್ಲ ಮರೆತುಹೋಗಿದ್ದವು. ಮೇಜಿನ ಮೇಲಿದ್ದ ತಟ್ಟೆಯ ಬಟ್ಟೆ ತೆಗೆದು, ಗ್ಲೂಕೋಸ್ ಬಾಟಲಿಯ ಚಕ್ರವನ್ನು ಪೂರ್ತಿ ತಿರುಗಿಸಿದೆ.

ನಂದಿಬೆಟ್ಟದಿಂದ ನೀರು ಹೊರಟಿತು. ಮಕ್ಕಳು ಕತ್ತು ಉದ್ದ ಮಾಡಿದರು. ಬೆಟ್ಟದ ಬುಡಕ್ಕೆ ಬಂದಿತು, ಕಾಲುವೆಯೊಳಕ್ಕೆ ಒಂದು ಗೇಣು ಹರಿಯಿತು, ಅಲ್ಲೇ ಮಾಯವಾಯಿತು. ಮರಳು ಒಂದು ಸಣ್ಣ ಸದ್ದು ಮಾಡಿ ಅದನ್ನು ಕುಡಿದುಬಿಟ್ಟಿತು. ಇನ್ನಷ್ಟು ಬಂದಿತು, ಅದನ್ನೂ ಕುಡಿಯಿತು. ಎಷ್ಟೋ ವರ್ಷದಿಂದ ಬಿಸಿಲಿಗೆ ಬಿದ್ದಿದ್ದ ಮರಳು. ಅದಕ್ಕೆ ನನ್ನ ಪರೀಕ್ಷೆಯ ಪರಿವೆ ಇರಲಿಲ್ಲ. ಬಾಟಲಿ ಪೂರ್ತಿ ಖಾಲಿಯಾಯಿತು. ತಟ್ಟೆಯಲ್ಲಿ ಒಂದು ಪೇಪರಿನ ಬೆಟ್ಟ, ಅದರ ಕೆಳಗೆ ಬರೀ ಮರಳು. ಫ್ಯಾನಿಲ್ಲದ ಕೋಣೆಯಲ್ಲಿ ಎಲ್ಲರೂ ಆ ಮರಳನ್ನೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಕುರ್ಚಿಗೂ ಹೂವಿನ ದಿಂಬಿಗೂ ಕೈಮುಗಿದೆ.

"ಇದೇ ಸಾರ್ ನದಿ," ಎಂದಳು ಕಿಟಕಿ ಪಕ್ಕದ ಒಬ್ಬ ಹುಡುಗಿ.

ಅವಳು ಅದುವರೆಗೂ ನನ್ನ ಯಾವ ಪಾಠದಲ್ಲೂ ಬಾಯಿಬಿಟ್ಟವಳಲ್ಲ. ಪರೀಕ್ಷಕರು ಅವಳ ಕಡೆ ತಿರುಗಿದರು.

"ನೀರೇ ಇಲ್ವಲ್ಲಮ್ಮ?"

"ಇದೆ ಸಾರ್, ಕೆಳಗೈತೆ. ಗೌರಿಬಿದನೂರ್ ಹತ್ರ ನಮ್ಮಜ್ಜಿ ಊರಲ್ಲಿ ಹಿಂಗೇ ಇರೋದು. ಅಗುದ್ರೆ ಬರ್ತದೆ."

"ಎಲ್ಲಿ, ಅಗಿ ನೋಡಣ."

ಅವಳು ಬಂದು, ಲಂಗ ಒತ್ತಿಕೊಂಡು, ತಟ್ಟೆಯ ಕೆಳತುದಿಯಲ್ಲಿ ಎರಡು ಬೆರಳಿನಿಂದ ಮರಳು ತೋಡಿದಳು. ನೀರು ತಗಡಿನ ತಳದಲ್ಲಿ ಇಳಿಜಾರು ಹಿಡಿದು ಅಲ್ಲಿಗೆ ಬಂದು ನಿಂತಿತ್ತು. ಗುಳಿಯಲ್ಲಿ ಮೆಲ್ಲಗೆ ಒರತೆ ತುಂಬಿಕೊಂಡಿತು. ನನ್ನದೇ ಬಾಟಲಿಯ ನೀರು ಎಂಬುದನ್ನು ಮರೆತು ನಾನೂ ಬಗ್ಗಿ ನೋಡಿದೆ.

ಆಮೇಲೆ ಶಿಸ್ತು ಎಂಬುದು ಉಳಿಯಲಿಲ್ಲ. ಇಡೀ ಎಂಟನೇ ತರಗತಿ ಮೇಜಿನ ಸುತ್ತ ಮುತ್ತಿಕೊಂಡು ಅಗೆಯತೊಡಗಿತು. ನಂದಿಬೆಟ್ಟದ ಬುಡದಲ್ಲಿ ಅಗೆದವರಿಗೆ ನೀರು ಸಿಗಲಿಲ್ಲ, ಕೆಳಗೆ ಅಗೆದವರಿಗೆ ಸಿಕ್ಕಿತು. ಯಾಕೆ ಹೀಗೆ ಎಂದು ಅವರವರಲ್ಲೇ ಜಗಳವಾಯಿತು. ಬೆಟ್ಟದ ನೀರು ಎಲ್ಲಿಗೆ ಹೋಯಿತು, ಮರಳು ತೆಗೆದುಬಿಟ್ಟರೆ ಏನಾಗುತ್ತದೆ, ಮೊದಲು ಇದು ಮೇಲೆಯೇ ಹರಿಯುತ್ತಿತ್ತೇ ಎಂದು ಕೇಳಿದರು. ನನ್ನ ಪಾಠಯೋಜನೆಯಲ್ಲಿ ಈ ಯಾವ ಪ್ರಶ್ನೆಯೂ ಇರಲಿಲ್ಲ. ಇದ್ದ ಪ್ರಶ್ನೆಗಳೆಲ್ಲ ನಾನು ಕೇಳಬೇಕಾದವು. ತೋಚಿದಂತೆ ಉತ್ತರ ಹೇಳುತ್ತ ಹೋದೆ. ಗುಂಪಿನ ನಡುವೆ ಬಿಳಿ ಅಂಗಿಯ ತೋಳೊಂದು ಬಂದು, ಬೆರಳು ಊರಿ ಒಂದು ಗುಳಿ ತೋಡಿ, ನೀರು ಬಂದ ಮೇಲೆ ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಮಡಿಸಿದ ಕರವಸ್ತ್ರ ಬಿಚ್ಚಿದ್ದು ಆಗಲೇ. ಮೆಥಡ್ ಮೇಷ್ಟ್ರು ಮಾತ್ರ ತಮ್ಮ ಜಾಗದಲ್ಲೇ ಕೂತು ಬೋರ್ಡಿನ ಕಡೆ ಕೈ ಸನ್ನೆ ಮಾಡುತ್ತಿದ್ದರು. ಕಡೆಗೆ ನನಗೆ ಹೊಳೆದು, ಓಡಿಹೋಗಿ ಬಣ್ಣದ ಸೀಮೆಸುಣ್ಣದಿಂದ 'ನದಿಗಳು' ಎಂದು ಬರೆದೆ. ಕೊನೆಯ ಅಕ್ಷರ ಮುಗಿಯುವುದಕ್ಕೂ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು.

ಪರೀಕ್ಷಕರು ಹೊರಗೆ ಜಗಲಿಯಲ್ಲಿ ನನ್ನನ್ನು ಕರೆದು ನಿಲ್ಲಿಸಿಕೊಂಡರು.

"ಪೀಠಿಕೆ ಎಷ್ಟೊತ್ತು ಇರ್ಬೇಕು?"

"ಐದು ನಿಮಿಷ ಸಾರ್."

"ನಿಮ್ದು?"

ನಾನು ಬೆಲ್ಲಿನ ಕಡೆ ನೋಡಿದೆ.

"ನೀವು ಪಾಠಾನೇ ಮಾಡ್ಲಿಲ್ಲ ಮೇಷ್ಟ್ರೇ," ಎಂದರು ಅವರು, ಉಗುರಿನ ಸಂದಿಯ ಮರಳು ತೆಗೆಯುತ್ತ. "ಬೋಧನೆಗೆ ಅಂಕ ಕೊಡಕ್ಕೆ ನನ್ಹತ್ರ ಏನೂ ಇಲ್ಲ. ಪೀಠಿಕೆ, ಉಪಕರಣ, ಮಕ್ಕಳ ಭಾಗವಹಿಸುವಿಕೆ, ಈ ಮೂರು ಕಾಲಂಗೂ ಎಷ್ಟು ಕೊಡ್ಬಹುದೋ ಅಷ್ಟೂ ಕೊಟ್ಟಿದೀನಿ. ಕೂಡಿದ್ರೆ ಪಾಸಾಗ್ತದೆ. ಹೋಗಿ."

ನಾನು ಹೊರಟೆ. ಅವರು ಮತ್ತೆ ಕರೆದು, ಮುಂದೆ ಯಾವ ಕಾಲಕ್ಕೂ ತರಗತಿಯಲ್ಲಿ ಕನ್ನಡಕ ತೆಗೆಯಬಾರದೆಂದು ಸಲಹೆ ಕೊಟ್ಟರು.

ಫಲಿತಾಂಶ ಬಂದ ವಾರದಲ್ಲಿ ಅಂಕಪಟ್ಟಿ ಹಿಡಿದು ಚಿಂತಾಮಣಿಯ ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೊಸೆ ಏಳನೇ ತರಗತಿಯ ಕಾಟ ತಾಳಲಾರದೆ ಸಂಕ್ರಾಂತಿಗೇ ಬಿಟ್ಟುಹೋದಳೆಂದು ನಿಟ್ಟುಸಿರಿಟ್ಟರು. ಕುರ್ಚಿ ನನಗೇ ಬಂತು, ದಿಂಬಿನ ಸಮೇತ. ಆದರೆ ತರಬೇತಿಯ ನಿಜವಾದ ಫಲ ಗೊತ್ತಾದದ್ದು ಇಲಾಖೆಯವರು ತಪಾಸಣೆಗೆ ಬಂದ ದಿನ. ಇಡೀ ಶಾಲೆಯಲ್ಲಿ ಬಿ.ಎಡ್. ಆದವನು ಆಗ ನಾನೊಬ್ಬನೇ. ಮುಖ್ಯೋಪಾಧ್ಯಾಯಿನಿಯವರು ಬಹಳ ಯೋಚಿಸಿ ಒಂದು ಏರ್ಪಾಡು ಮಾಡಿದ್ದರು. ಇನ್ಸ್‌ಪೆಕ್ಟರು ಐದನೇ ತರಗತಿಯಲ್ಲಿ ನನ್ನ ಪಾಠ ನೋಡಿದರು. ಅವರು ಮುಂದಿನ ಬಾಗಿಲಿನಿಂದ ಹೊರಟರೆ ನಾನು ಹಿಂದಿನ ಬಾಗಿಲಿನಿಂದ ಹೊರಟು ಆರನೇ ತರಗತಿಯಲ್ಲಿ ನಿಂತಿದ್ದೆ. ಏಳನೇ ತರಗತಿಗೆ ಓಡಿಬಂದು ಸೀಮೆಸುಣ್ಣ ಎತ್ತಿಕೊಳ್ಳುವಾಗ ನನಗೆ ಏದುಸಿರು ಬರುತ್ತಿತ್ತು.

ಇನ್ಸ್‌ಪೆಕ್ಟರು ಒಳಗೆ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅಲ್ಲಿದ್ದ ಕುರ್ಚಿಯನ್ನು ತಾವೇ ಎಳೆದು ನನ್ನ ಕಡೆ ತಿರುಗಿಸಿದರು.

"ಕೂತ್ಕೊಳಿ ಮೇಷ್ಟ್ರೇ," ಎಂದರು. "ಎಂಟನೇ ಕ್ಲಾಸಿಗೆ ನಾನು ನಿಧಾನಕ್ಕೇ ಹೋಗ್ತೀನಿ."